ಗೆದ್ವಿ, ಸೋತ್ರು

2025ರ ಜೂನ್ 3ರ ರಾತ್ರಿ. 18ನೇ ಸೀಸನ್‌ಗೆ ಕೊನೆಗೂ ಆರ್‌ಸಿಬಿ ಕಪ್ ಎತ್ತಿತ್ತು. ಪಕ್ಕದ ಮನೆಯ ಕಾಲೇಜು ಹುಡುಗ ಬೀದಿಗೆ ಓಡಿ ಬಂದು ಕೂಗಿದ್ದು ಒಂದೇ ಮಾತು: "ಗೆದ್ವಿ!" ಹಿಂದಿನ ಸೀಸನ್‌ಗಳಲ್ಲಿ ಇದೇ ಹುಡುಗ ಟಿವಿ ಆರಿಸಿ, "ಥೂ, ಸೋತ್ರು" ಅಂತಿದ್ದ. ಗೆಲುವಿಗೆ ನಾವು, ಸೋಲಿಗೆ ಅವರು. ಕನ್ನಡದಲ್ಲಿ 'ನಾವು' ಅನ್ನೋ ಪದವೂ ಬೇಕಿಲ್ಲ, ಕ್ರಿಯಾಪದದ ಬಾಲವೇ ಎಲ್ಲ ಹೇಳಿಬಿಡುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 1976ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಫೋನ್ ಮಾಡಿ ಒಂದು ಪುಟ್ಟ ಕ್ವಿಜ್ ಕೊಟ್ಟರು. ಕೆಲವರಿಗೆ 'ಚೆನ್ನಾಗಿ ಮಾಡಿದಿರಿ' ಎಂದರು, ಕೆಲವರಿಗೆ 'ಸರಿಯಾಗಿ ಆಗಲಿಲ್ಲ' ಎಂದರು. ಎರಡೂ ಸುಮ್ನೆ ಹೇಳಿದ್ದು. ಆಮೇಲೆ ಕಾಲೇಜಿನ ಫುಟ್‌ಬಾಲ್ ಪಂದ್ಯ ಏನಾಯಿತು ಅಂತ ಕೇಳಿದರು. ಗೆದ್ದ ಪಂದ್ಯಕ್ಕೆ 'ನಾವು' ಹಚ್ಚಿ, ಸೋತದ್ದಕ್ಕೆ ಅದನ್ನು ಬಿಡುವ ಚಾಳಿ ಎದ್ದು ಕಂಡಿದ್ದು ಕ್ವಿಜ್‌ನಲ್ಲಿ ಸೋತೆವು ಅಂದುಕೊಂಡವರಲ್ಲಿ. ಸ್ವಂತ ಅಭಿಮಾನಕ್ಕೆ ಪೆಟ್ಟು ಬಿದ್ದಾಗ ಗುಂಪಿನ ಗೆಲುವು ಮುಲಾಮು ಆಗುತ್ತದೆ.

ಆದರೆ ಗುಂಪು ಅಂತ ಆಗೋಕೆ ಏನು ಬೇಕು? ಏನೂ ಬೇಡ ಅನ್ನಿಸುವಂಥ ಪ್ರಯೋಗವನ್ನು ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್ಫೆಲ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಾಡಿದರು. ವರದಿ ಬಂದದ್ದು 1971ರಲ್ಲಿ. 14-15 ವರ್ಷದ 48 ಹುಡುಗರಿಗೆ ಕ್ಲೀ ಮತ್ತು ಕ್ಯಾಂಡಿನ್ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರಗಳನ್ನು ತೋರಿಸಿದರು. 'ನಿನಗೆ ಕ್ಲೀ ಇಷ್ಟ, ನಿನಗೆ ಕ್ಯಾಂಡಿನ್ಸ್ಕಿ' ಅಂತ ಎರಡು ಗುಂಪು ಮಾಡಿದರು. ನಿಜಕ್ಕೂ ಹಂಚಿದ್ದು ಚೀಟಿ ಎತ್ತಿದ ಹಾಗೆ. ಒಬ್ಬೊಬ್ಬರನ್ನೇ ಕೂರಿಸಿ, ಬೇರೆ ಇಬ್ಬರಿಗೆ ಪಾಯಿಂಟ್ ಹಂಚು ಎಂದರು. ಪಾಯಿಂಟ್‌ಗೆ ಚಿಲ್ಲರೆ ಕಾಸು. ತನಗೇನೂ ಇಲ್ಲ. ಆ ಇಬ್ಬರ ಹೆಸರೂ ಗೊತ್ತಿಲ್ಲ, ಗುಂಪು ಮತ್ತು ನಂಬರ್ ಮಾತ್ರ.

ಹಾಳೆಯಲ್ಲಿ ಜೋಡಿ ಅಂಕಿಗಳ ಸಾಲು, ಅದರಲ್ಲಿ ಒಂದು ಜೋಡಿ ಆರಿಸಬೇಕು. ಒಂದು ತುದಿಯಲ್ಲಿ ನಮ್ಮವನಿಗೆ 19, ಅವರವನಿಗೆ 25. ನಡುವೆ 13-13. ಇನ್ನೊಂದು ತುದಿಯಲ್ಲಿ ನಮ್ಮವನಿಗೆ 7, ಅವರವನಿಗೆ 1. ಲಾಭ ನೋಡಿದರೆ 19 ಆರಿಸಬೇಕು ಅಲ್ವಾ? ಹುಡುಗರ ಕೈ ವಾಲಿದ್ದು 7ರ ಕಡೆಗೆ. ಎಲ್ಲರೂ ತುದಿ ಮುಟ್ಟಲಿಲ್ಲ, ನ್ಯಾಯವೂ ಮನಸ್ಸನ್ನು ಎಳೆಯುತ್ತಿತ್ತು. ಆದರೂ ನಮ್ಮವನಿಗೆ ಜಾಸ್ತಿ ಸಿಗುವುದಕ್ಕಿಂತ ಅವರವನನ್ನು ಹಿಂದೆ ಹಾಕುವುದೇ ಮುಖ್ಯವಾಯಿತು.

ತಾಜ್ಫೆಲ್‌ಗೆ ಈ ಪ್ರಶ್ನೆ ಬರೀ ಪುಸ್ತಕದ್ದಲ್ಲ. ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ ಅವರು. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕನಾಗಿ ಜರ್ಮನ್ನರಿಗೆ ಸೆರೆಸಿಕ್ಕರು, ಪೋಲೆಂಡಿನವನು ಅನ್ನೋದನ್ನು ಮುಚ್ಚಿಟ್ಟು ಬದುಕಿದರು. ಯುದ್ಧ ಮುಗಿದಾಗ ಮನೆಯವರಲ್ಲಿ ಹೆಚ್ಚುಕಡಿಮೆ ಯಾರೂ ಉಳಿದಿರಲಿಲ್ಲ.

1979ರಲ್ಲಿ ಅವರು ಇನ್ನೊಬ್ಬ ಮನಶ್ಶಾಸ್ತ್ರಜ್ಞ ಜಾನ್ ಟರ್ನರ್ ಜೊತೆ ಇನ್ನೊಂದು ಮಾತು ಸೇರಿಸಿದರು. ಸೋಲುವ ಗುಂಪಿನವರು ಗುಂಪನ್ನೇ ಬಿಡಬೇಕಿಲ್ಲ, ಅಳತೆಗೋಲು ಬದಲಾಯಿಸಿದರೂ ಸಾಕು. ನನಗೆ ಆರ್‌ಸಿಬಿ ಫ್ಯಾನ್ಸ್ ಅರ್ಥವಾಗಿದ್ದು ಇಲ್ಲೇ. 2009, 2011, 2016, ಮೂರೂ ಫೈನಲ್ ಹೋಯಿತು. ಕಪ್ ಎಣಿಸೋ ಲೆಕ್ಕದಲ್ಲಿ ಸೊನ್ನೆ. ಹಾಗಾಗಿ ಲೆಕ್ಕವನ್ನೇ ಬದಲಾಯಿಸಿದರು: "ನಮ್ಮಷ್ಟು ನಿಯತ್ತಿನ ಫ್ಯಾನ್ಸ್ ಯಾರಿಗಿದ್ದಾರೆ?"

ಆ ರಾತ್ರಿ ನಾನೂ ಗೇಟು ತೆಗೆದು, "ಗೆದ್ವಿ ಕಣೋ!" ಎಂದೆ. ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಂಕಲ್, 2016ರಲ್ಲಿ ಎಲ್ಲಿದ್ರಿ?"