ಪದ ಪರಿಚಯ: ಬಿಲ್ಡ್ ಬ್ರೇಕ್

"ಯಾರ್ರೀ ಬಿಲ್ಡ್ ಬ್ರೇಕ್ ಮಾಡಿದ್ದು?" ವೈಟ್‌ಫೀಲ್ಡ್, ಮಾರತ್ತಹಳ್ಳಿ ಕಡೆಯ ಸಾಫ್ಟ್‌ವೇರ್ ಆಫೀಸುಗಳಲ್ಲಿ ಕೇಳಿಬರುವ ಮಾತಿದು. ಬರೆದ ಕೋಡನ್ನು ಓಡಿಸಬಲ್ಲ ಪ್ರೋಗ್ರಾಮಾಗಿ ಕಟ್ಟುವ ಕೆಲಸ ಬಿಲ್ಡ್, ಅದು ನಡುವೆ ನಿಂತುಹೋದರೆ ಬಿಲ್ಡ್ ಬ್ರೇಕ್. ಕೋಡ್ ಕಂಪೈಲ್ (ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ಬದಲಾವಣೆ) ಆಗಲಿಲ್ಲವೇನೋ ಎಂದುಕೊಳ್ಳುತ್ತಾರೆ ಹೊಸಬರು. ಎಷ್ಟೋ ಸಲ ಕಂಪೈಲ್ ಸಲೀಸಾಗಿ ಆಗಿರುತ್ತದೆ, ಬಿದ್ದಿರುವುದು, ಅಂದರೆ ಫೇಲಾಗಿರುವುದು, ಯೂನಿಟ್ ಟೆಸ್ಟ್.

ಪ್ರೋಗ್ರಾಮಿನ ಒಂದು ಸಣ್ಣ ತುಣುಕನ್ನು, ಸಾಮಾನ್ಯವಾಗಿ ಒಂದು ಲೆಕ್ಕವನ್ನೋ ಕೆಲಸವನ್ನೋ ಮಾಡುವ ಒಂದೇ ಫಂಕ್ಷನ್ನನ್ನು, ಡೇಟಾಬೇಸ್ ನೆಟ್‌ವರ್ಕ್‌ಗಳ ಹಂಗಿಲ್ಲದೆ ಪರೀಕ್ಷಿಸುವ ಕೋಡೇ ಯೂನಿಟ್ ಟೆಸ್ಟ್. ಆಟೋ ಬಾಡಿಗೆ ಲೆಕ್ಕ ಹಾಕುವ ಫಂಕ್ಷನ್ ತೆಗೆದುಕೊಳ್ಳಿ. 2025ರ ಆಗಸ್ಟ್ 1ರಂದು ಬೆಂಗಳೂರಿನಲ್ಲಿ ಜಾರಿಗೆ ಬಂದ ದರದಂತೆ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18, ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು. (ಮೀಟರ್ ಹಾಕಿ ಬರುವ ಆಟೋ ಸಿಗಬೇಕು, ಅದು ಬೇರೆ ಮಾತು.) ಹಗಲಲ್ಲಿ ಸರಿಯಾಗಿ 2 ಕಿ.ಮೀ.ಗೆ 36 ಬರಬೇಕು, 3ಕ್ಕೆ 54. ರಾತ್ರಿ 10ಕ್ಕೆ ಹತ್ತಿದರೆ 2 ಕಿ.ಮೀ.ಗೇ 54. ಟೆಸ್ಟ್ ಬರೆಯಬೇಕಾದ್ದು ಇಂಥ ಅಂಚಿನ ಲೆಕ್ಕಗಳಿಗೆ. ಎಡವುವುದು ಅಲ್ಲೇ.

ಬರೆದಿಟ್ಟರೆ ಸಾಲದು, ಬಿಲ್ಡ್ ತಾನಾಗಿಯೇ ಅವನ್ನು ಓಡಿಸಬೇಕು. ಜಾವಾ ಭಾಷೆಯಲ್ಲಿ ಕೋಡ್ ಬರೆಯುವವರು ಬಿಲ್ಡ್ ಮಾಡಲು ಬಳಸುವ ಮೇವನ್‌ನಲ್ಲಿ ಮೊದಲು ಕಂಪೈಲ್, ನಂತರ ಟೆಸ್ಟ್, ಆಮೇಲಷ್ಟೇ ಪ್ಯಾಕೇಜ್. ಒಂದೇ ಒಂದು ಟೆಸ್ಟ್ ಬಿದ್ದರೂ ಸಾಮಾನ್ಯವಾಗಿ ಜಾರ್ ಫೈಲ್, ಅಂದರೆ ಪ್ರೋಗ್ರಾಮಿನ ಕಟ್ಟು, ತಯಾರಾಗುವುದಿಲ್ಲ. ಯಾರಾದರೂ ತಮ್ಮ ಕೋಡನ್ನು ತಂಡದ ಭಂಡಾರಕ್ಕೆ ಪುಶ್ ಮಾಡಿದಾಗಲೆಲ್ಲ ಜೆಂಕಿನ್ಸ್‌ನಂಥ ಸರ್ವರ್ ಇದನ್ನೆಲ್ಲ ಮೊದಲಿಂದ ಮಾಡುತ್ತದೆ.

"ನನ್ನ ಲ್ಯಾಪ್‌ಟಾಪಲ್ಲಿ ಪಾಸಾಗಿದೆಯಲ್ಲ, ಮತ್ತೆ ಸರ್ವರ್‌ನಲ್ಲಿ ಯಾಕೆ?" ಎನ್ನುವವರಿಗೆ ನಮ್ಮ ರಾತ್ರಿ ದರವೇ ಉತ್ತರ. ಲ್ಯಾಪ್‌ಟಾಪಿನ ಗಡಿಯಾರ ಭಾರತದ ಸಮಯದಲ್ಲಿರುತ್ತದೆ, ಸರ್ವರ್‌ಗಳದ್ದು ಹೆಚ್ಚಾಗಿ ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಯಲ್ಲಿ, ಅಂದರೆ ಐದೂವರೆ ಗಂಟೆ ಹಿಂದೆ. ಯಾವ ಊರಿನ ಸಮಯ ಎಂದು ಹೇಳದೆ, ಮಷೀನಿನ ಟೈಮ್‌ಝೋನ್ ನಂಬಿ ಕೋಡ್ ಬರೆದಿದ್ದರೆ ಇಲ್ಲಿನ ರಾತ್ರಿ 10 ಗಂಟೆ ಅಲ್ಲಿ ಸಂಜೆ ನಾಲ್ಕೂವರೆ. ಫಂಕ್ಷನ್ ಹಗಲಿನ 36 ರೂಪಾಯಿಯನ್ನೇ ಕೊಡುತ್ತದೆ, 54 ನಿರೀಕ್ಷಿಸಿದ ಟೆಸ್ಟ್ ಬೀಳುತ್ತದೆ. ತಪ್ಪು ಟೆಸ್ಟ್‌ನದ್ದಲ್ಲ, ಕೋಡ್‌ನದ್ದೇ. ಲ್ಯಾಪ್‌ಟಾಪನ್ನೇ ನಂಬಿ ಬಿಟ್ಟಿದ್ದರೆ ಅದು ನೇರ ಗ್ರಾಹಕರ ಬಿಲ್ಲಿಗೆ ಹೋಗುತ್ತಿತ್ತು.

ರಿಲೀಸ್ ದಿನ ಸಂಜೆ ಟೆಸ್ಟ್‌ಗಳನ್ನು ಓಡಿಸದೆ ಬಿಡುವ ಸ್ಕಿಪ್‌ಟೆಸ್ಟ್ಸ್ ಆಯ್ಕೆ ಹಾಕಿ ಬಿಲ್ಡ್ ದಾಟಿಸುವ ಅಭ್ಯಾಸವೂ ಉಂಟು. ಬೈಯುವ ಮುನ್ನ ಕಾರಣ ನೋಡಬೇಕು. ಟೆಸ್ಟ್‌ಗಳು ಮುಗಿಯಲು ಮುಕ್ಕಾಲು ಗಂಟೆ ಹಿಡಿದರೆ ಯಾರು ಕಾಯುತ್ತಾರೆ? ಕೆಂಟ್ ಬೆಕ್ ರೂಪಿಸಿದ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಪದ್ಧತಿಯಲ್ಲಿ ಬಿಲ್ಡ್, ಟೆಸ್ಟ್ ಎಲ್ಲ ಸೇರಿ 10 ನಿಮಿಷ ಮೀರಬಾರದು ಎಂಬ ಮಾತಿದೆ. ಇನ್ನು ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸಾಗಿ ಇನ್ನೊಮ್ಮೆ ಬೀಳುವ ಫ್ಲೇಕಿ ಟೆಸ್ಟ್‌ಗಳು ನಿಧಾನದ ಟೆಸ್ಟ್‌ಗಿಂತಲೂ ಕೆಟ್ಟವು, ನನ್ನ ಪ್ರಕಾರ. "ಅದು ಹಾಗೇ, ಇನ್ನೊಂದ್ಸಲ ರನ್ ಮಾಡು" ಎನ್ನುವುದು ರೂಢಿಯಾದರೆ ನಿಜವಾದ ತಪ್ಪು ಬಂದಾಗಲೂ ಯಾರೂ ತಲೆ ಎತ್ತಿ ನೋಡುವುದಿಲ್ಲ. ಅಂಥದ್ದನ್ನು ಸರಿಪಡಿಸಿ, ಆಗದಿದ್ದರೆ ಬಿಲ್ಡ್‌ನಿಂದ ಹೊರಗಿಡಿ.

ಬ್ರೇಕ್ ಆದ ಮೇಲೆ ಮೊದಲ ಕೆಲಸ ಕಾರಣ ಹುಡುಕುವುದಲ್ಲ. ಐದು ನಿಮಿಷದಲ್ಲಿ ಸರಿಹೋಗದು ಎನಿಸಿದರೆ, ಉಳಿದವರು ಪುಲ್ ಮಾಡಿಕೊಳ್ಳುವ (ತಮ್ಮ ಮಷೀನಿಗೆ ಇಳಿಸಿಕೊಳ್ಳುವ) ಮೊದಲೇ ಆ ಕಮಿಟ್ ರಿವರ್ಟ್ ಮಾಡುವುದು, ಅಂದರೆ ಸೇರಿಸಿದ ಬದಲಾವಣೆಯನ್ನು ಹಿಂತೆಗೆಯುವುದು.