ರಾತ್ರಿ ಅಳೆಯುವ ಅವರೆ ಬಳ್ಳಿ

ಚೌತಿ ಹತ್ತಿರ ಬಂದರೆ ಶಿರಸಿ ಕಡೆಯ ಹಿತ್ತಿಲುಗಳಲ್ಲಿ ಒಂದು ಚಿಂತೆ ಶುರುವಾಗುತ್ತದೆ. ಚಪ್ಪರದ ತುಂಬ ಅವರೆ ಬಳ್ಳಿ ಹಬ್ಬಿದೆ, ಹೂ ಮಾತ್ರ ಒಂದೂ ಇಲ್ಲ. ದೃಷ್ಟಿ ತಾಗಿದೆ ಎಂದು ಹಳೇ ಚಪ್ಪಲಿ ಕಟ್ಟುವವರಿದ್ದಾರೆ. ಸಿಟ್ಟಿನಿಂದ ಬಳ್ಳಿ ಕಿತ್ತು ಹಾಕುವವರೂ ಇದ್ದಾರೆ. ದಯವಿಟ್ಟು ಕೀಳಬೇಡಿ. ಅದಕ್ಕೆ ದೃಷ್ಟಿಯೂ ಇಲ್ಲ, ರೋಗವೂ ಇಲ್ಲ. ರಾತ್ರಿ ಇನ್ನೂ ಬೇಕಾದಷ್ಟು ಉದ್ದವಾಗಿಲ್ಲ, ಅಷ್ಟೇ.

ಕಾರವಾರದಲ್ಲಿ ಜೂನ್ ಕೊನೆಗೆ ಹಗಲು ಸುಮಾರು 13 ಗಂಟೆ. ಡಿಸೆಂಬರ್ ಕೊನೆಗೆ ಹನ್ನೊಂದೂಕಾಲು. ಈ ವ್ಯತ್ಯಾಸ ನಮ್ಮ ಗಮನಕ್ಕೇ ಬರುವುದಿಲ್ಲ, ಅಲ್ವಾ? ಬಳ್ಳಿಗೆ ಬರುತ್ತದೆ.

ಇದು ಬೆಳಕಿಗೆ ಬಂದದ್ದು ತಂಬಾಕಿನಿಂದ. ಅಮೆರಿಕದ ವಾಷಿಂಗ್ಟನ್ ಬಳಿ ಒಂದು ತಂಬಾಕು ತಳಿ ಬೇಸಿಗೆಯಿಡೀ ಎತ್ತರಕ್ಕೆ ಬೆಳೆಯುತ್ತಿತ್ತು, ಹೂ ಬಿಡುತ್ತಿರಲಿಲ್ಲ. ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಆ ಗಿಡಗಳನ್ನು ಸಂಜೆಗೆ ಮೊದಲೇ ಕತ್ತಲೆ ಕೋಣೆಗೆ ಸೇರಿಸಿದರು. ಹೂ ಬಂತು! 1920ರಲ್ಲಿ ಅದನ್ನು ಪ್ರಕಟಿಸಿದರು. ಸೋಯಾ ಅವರೆಯ ಒಂದು ತಳಿಯನ್ನು ಬೇರೆ ಬೇರೆ ದಿನ ಬಿತ್ತಿದರೂ ಹೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಬಂದಿದ್ದನ್ನೂ ಅವರು ಕಂಡರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಎಂಬ ಇನ್ನಿಬ್ಬರು ವಿಜ್ಞಾನಿಗಳು ಇನ್ನೊಂದು ಗಿಡದಲ್ಲಿ ತೋರಿಸಿದ್ದು ಇನ್ನೂ ಸೊಗಸು: ಗಿಡ ಅಳೆಯುವುದು ಹಗಲನ್ನಲ್ಲ, ಇರುಳನ್ನು. ಉದ್ದ ರಾತ್ರಿಯ ನಡುವೆ ಸ್ವಲ್ಪ ಹೊತ್ತು ದೀಪ ಹಚ್ಚಿದರೂ ಸಾಕು, ಲೆಕ್ಕ ತಪ್ಪುತ್ತದೆ.

ಎಲೆಯಲ್ಲಿ ಫೈಟೋಕ್ರೋಮ್ ಎಂಬ ಪ್ರೋಟೀನ್ ಇದೆ. ಕೆಂಪು ಬೆಳಕು ಬಿದ್ದಾಗ ಅದರ ರೂಪ ಬದಲಾಗುತ್ತದೆ, ಕತ್ತಲಲ್ಲಿ ನಿಧಾನ ಹಿಂದಿನ ರೂಪಕ್ಕೆ ಮರಳುತ್ತದೆ. ಬೆಳಕು ಇದೆಯೋ ಇಲ್ಲವೋ ಎಂಬ ಸುದ್ದಿ ಅದರದ್ದು. ಎಷ್ಟು ಹೊತ್ತು ಕಳೆಯಿತು ಎಂಬ ಲೆಕ್ಕ ಜೀವಕೋಶದೊಳಗಿನ ಗಡಿಯಾರದ್ದು. ಎರಡೂ ತಾಳೆಯಾದ ಮೇಲೆ ಎಲೆಯಲ್ಲಿ ಇನ್ನೊಂದು ಪುಟ್ಟ ಪ್ರೋಟೀನ್ ತಯಾರಾಗಿ ಕುಡಿಗೆ ಹರಿಯುತ್ತದೆ. ಅಲ್ಲಿ ಎಲೆ ಮೂಡುವ ಬದಲು ಮೊಗ್ಗು ಮೂಡುತ್ತದೆ. ಹೆಪ್ಪು ಹಾಕಿದ ಹಾಲಿನಂತೆ ಇದು. ರಾತ್ರಿಯಿಡೀ ಕಲಕದೆ ಬಿಡಬೇಕು.

ಹಾಗಾಗಿ ಬೀದಿದೀಪದ ಕೆಳಗೆ ಚಪ್ಪರ ಹಾಕಬೇಡಿ. ಹೂ ಬರಲಿಲ್ಲವೆಂದು ಸುಮ್ನೆ ಗೊಬ್ಬರ ಸುರಿಯಬೇಡಿ, ಎಲೆ ಜಾಸ್ತಿಯಾಗುತ್ತದೆ ಅಷ್ಟೇ. ಬೀಜ ಮಳೆಗಾಲದಲ್ಲೇ ಊರಿ, ನೀರು ನಿಲ್ಲದ ಎತ್ತರದ ಜಾಗದಲ್ಲಿ. ಅಕ್ಟೋಬರಿನಲ್ಲಿ ಊರಿದರೆ ಮೊಳಕಾಲೆತ್ತರದ ಬಳ್ಳಿಯೇ ಹೂ ಬಿಟ್ಟುಬಿಡುತ್ತದೆ, ಕಾಯಿ ಹಿಡಿಯಲು ಮೈಯೇ ಇರುವುದಿಲ್ಲ.

ಆರಿದ್ರಾ ಮಳೆಯಲ್ಲಿ ಬೀಜ ಊರಬೇಕು ಎನ್ನುವವರನ್ನು ಮಾತ್ರ ಮೂಢನಂಬಿಕೆಯವರೆಂದು ತಳ್ಳಬೇಡಿ. ಮಳೆ ನಕ್ಷತ್ರಗಳ ಲೆಕ್ಕ ಚಂದ್ರನದ್ದಲ್ಲ, ಸೂರ್ಯನದ್ದು. ಸೂರ್ಯ ಆ ನಕ್ಷತ್ರಕ್ಕೆ ಬರುವುದು ಪ್ರತಿವರ್ಷ ಜೂನ್ 22ರ ಆಸುಪಾಸು. ಅಂದರೆ ಹಗಲು ಅತಿ ಉದ್ದವಿರುವ ದಿನಗಳು. ಆಗ ಊರಿದ ಬಳ್ಳಿಗೆ ಹಬ್ಬಲು ಮೂರ್ನಾಲ್ಕು ತಿಂಗಳು ಸಿಗುತ್ತದೆ.

ಅಷ್ಟು ಕಾಯಲಾಗದವರಿಗೆ ಹೆಬ್ಬಾಳ ಅವರೆ-3, ಅರ್ಕಾ ಜಯ್‌ನಂಥ ಗಿಡ್ಡ ತಳಿಗಳಿವೆ. ಅವು ರಾತ್ರಿಯ ಉದ್ದ ನೋಡದೆ ಹೂ ಬಿಡುತ್ತವೆ. ಚಪ್ಪರವೂ ಬೇಕಿಲ್ಲ.