ಫ್ಯಾನ್ ಎಲ್ಲಿ ಹೋಯ್ತು ಮೇಡಂ?

ಜುಲೈ ತಿಂಗಳ ಮಡಿಕೇರಿಯಲ್ಲಿ ಕರೆಂಟ್ ಯಾವಾಗ ಬೇಕಾದರೂ ಹೋಗುತ್ತದೆ, ನೆಟ್ ಅದಕ್ಕೂ ಮೊದಲೇ ಹೋಗಿರುತ್ತದೆ. ಹಾಗಾಗಿ ನಾನು ಪಾಠ ಮಾಡುವ ಕಂಪ್ಯೂಟರ್ ಲ್ಯಾಬಿಗೆ ಪಿ5.ಜೆಎಸ್, ಅಂದರೆ ಕೋಡ್ ಬರೆದು ಚಿತ್ರ ಬಿಡಿಸುವ ಸಲಕರಣೆ, ಬರುವುದು ನನ್ನ ಪೆನ್‌ಡ್ರೈವ್‌ನಲ್ಲಿ. ಬ್ರೌಸರ್ ಒಂದಿದ್ದರೆ ಗ್ರಾಫಿಕ್ಸ್ ಪಾಠ ಶುರು.

ನಾನು ಓದುವಾಗ ಇದ್ದದ್ದು ಟರ್ಬೊ ಸಿ, ಸಿ ಭಾಷೆಯ ಹಳೆಯ ಸಾಫ್ಟ್‌ವೇರ್. ಚಿತ್ರ ಬಿಡಿಸಲು ಅದಕ್ಕೆ ಬೇಕಾದ ಬಿಜಿಐ ಕಡತ ಎಲ್ಲಿದೆ ಎನ್ನುವ ಪಾತ್ ಒಂದಕ್ಷರ ತಪ್ಪಿದರೂ ವೃತ್ತದ ಬದಲು ಎರರ್ ಬರುತ್ತಿತ್ತು. ಆಮೇಲೆ ಕಲಿಸಿದ ಓಪನ್‌ಜಿಎಲ್, ಗ್ರಾಫಿಕ್ಸ್ ಕಾರ್ಡ್‌ನಿಂದ ಚಿತ್ರ ಬಿಡಿಸುವ ಕಮಾಂಡ್‌ಗಳ ಕಟ್ಟು, ಇನ್ನೂ ಬಿಗಿ: 2009ರ 3.1ನೇ ಆವೃತ್ತಿಯಲ್ಲಿ ಹಳೆಯ ಸುಲಭದ ಕಮಾಂಡ್‌ಗಳನ್ನು ತೆಗೆದ ಮೇಲೆ, ಬಿಂದುಗಳನ್ನು ಇಡುವ ಬಫರ್, ಅವುಗಳ ಜಾಗ, ಬಣ್ಣ ಲೆಕ್ಕ ಹಾಕುವ ಶೇಡರ್ ಎಲ್ಲ ಸೇರಿ ಒಂದು ತ್ರಿಕೋನಕ್ಕೇ ನೂರು ಸಾಲಿನ ಹತ್ತಿರ ಬೇಕು. ಮಕ್ಕಳು ಅಷ್ಟನ್ನೂ ಕಾಪಿ ಹೊಡೆಯುತ್ತಾರೆ, ಪಾಪ. ಕಲಾವಿದರಿಗೂ ಕೋಡ್ ಒಲಿಯಲಿ ಎಂದು ಕೇಸಿ ರಿಯಾಸ್, ಬೆನ್ ಫ್ರೈ 2001ರಲ್ಲಿ ಪ್ರೊಸೆಸಿಂಗ್ ಎಂಬ ಚಿತ್ರ ಬಿಡಿಸುವ ಕೋಡಿಂಗ್ ಸಲಕರಣೆ ಶುರು ಮಾಡಿದರು. ಪಿ5 ಅದರದೇ ಕುಡಿ, ಬ್ರೌಸರ್‌ಗೆ ಅರ್ಥವಾಗುವ ಜಾವಾಸ್ಕ್ರಿಪ್ಟ್ ಭಾಷೆಯದು.

'ಸುಲಭ ಮಾಡಿದರೆ ಒಳಗಿನ ಗಣಿತ ಕಲಿಯುವುದಿಲ್ಲ' ಎನ್ನುವ ಸಹೋದ್ಯೋಗಿಗಳಿದ್ದಾರೆ. ಗಣಿತ ಎಲ್ಲೂ ಓಡಿಹೋಗುವುದಿಲ್ಲ. ಓಡಿಹೋಗುವುದು ಫ್ಯಾನ್.

ಮೊನ್ನೆ ಒಬ್ಬಳು 400 ಪಿಕ್ಸೆಲ್ ಚೌಕದ ನಡುವೆ ಫ್ಯಾನ್ ತಿರುಗಿಸಲು ಹೊರಟಳು. ಮೊದಲು ರೊಟೇಟ್ (ತಿರುಗಿಸು), ಆಮೇಲೆ ಟ್ರಾನ್ಸ್‌ಲೇಟ್ (ಸರಿಸು) 200, 200 ಎಂದು ಬರೆದಿದ್ದಳು. ಫ್ಯಾನ್ ಒಂದು ಕ್ಷಣ ಮುಖ ತೋರಿಸಿ ಮಾಯ. "ಎಲ್ಲಿ ಹೋಯ್ತು ಮೇಡಂ?" ಕಾಗದದ ಮೇಲೆ ಹಾಕಿದೆವು. ಪಿ5ರಲ್ಲಿ ಸೊನ್ನೆ, ಅಂದರೆ ಅಳತೆ ಶುರುವಾಗುವ ಬಿಂದು, ಇರುವುದು ಚೌಕದ ಎಡ ಮೇಲ್ಮೂಲೆಯಲ್ಲಿ. ಅಕ್ಷವೇ ಮೊದಲು ತಿರುಗಿದ್ದರಿಂದ ಫ್ಯಾನ್ ಆ ಮೂಲೆಯನ್ನು 283 ಪಿಕ್ಸೆಲ್ ದೂರದಲ್ಲಿ ಸುತ್ತುತ್ತಿದೆ. ಸುತ್ತಿನ ಮುಕ್ಕಾಲು ಪಾಲು ಚೌಕದಾಚೆ. ಎರಡು ಸಾಲು ಅದಲುಬದಲು ಮಾಡಿದಳು, ಫ್ಯಾನ್ ಇದ್ದಲ್ಲೇ ತಿರುಗಿತು. ತಿರುಗಿಸುವುದೂ ಸರಿಸುವುದೂ ಒಳಗೆ ಮ್ಯಾಟ್ರಿಕ್ಸ್ (ಅಂಕಿಗಳ ಚೌಕಟ್ಟು) ಗುಣಾಕಾರವೇ, ಅದರಲ್ಲಿ ಕ್ರಮ ಬದಲಾದರೆ ಉತ್ತರವೂ ಬದಲಾಗುತ್ತದೆ ಎಂದು ಬೋರ್ಡ್ ಮೇಲೆ ಬರೆದಾಗ ಆ ದಿನ ಯಾರೂ ಆಕಳಿಸಲಿಲ್ಲ.

ಮೂರು ಆಯಾಮದ ಚಿತ್ರಕ್ಕೆ ತ್ರೀ.ಜೆಎಸ್, ಅದೂ ಬ್ರೌಸರ್‌ನಲ್ಲೇ ಓಡುವ ಸಲಕರಣೆ. ಕಾಫಿ ತೋಟದ ಸಿಲ್ವರ್ ಮರಗಳನ್ನು ಸಿಲಿಂಡರ್‌ಗಳಾಗಿ ನೆಟ್ಟು, ಫಾಗ್, ಅಂದರೆ ಮಂಜು, ಸೇರಿಸಲು ಹೇಳುತ್ತೇನೆ. ಮಂಜು ಶುರುವಾಗುವ ಹತ್ತಿರದ ಮಿತಿ 10, ಎಲ್ಲ ಮುಚ್ಚಿಹೋಗುವ ದೂರದ ಮಿತಿ 60. ಕಿಟಕಿಯಾಚೆ ಅಸಲಿ ಮಂಜೇ ಇರುತ್ತದೆ, ಹೋಲಿಸಿ ನೋಡಬಹುದು. ಪರದೆಯ ಮಂಜಿನಲ್ಲಿ ಹನಿಯೂ ಇಲ್ಲ, ಹೊಗೆಯೂ ಇಲ್ಲ. ದೂರ ಹೆಚ್ಚಿದಷ್ಟೂ ಮರದ ಬಣ್ಣಕ್ಕೆ ಬೂದು ಬೆರೆಸುವ ಲೆಕ್ಕ ಅಷ್ಟೇ. ಆ ಲೆಕ್ಕ ಆಕಾಶಕ್ಕೆ ತಾಗುವುದಿಲ್ಲ. ಪ್ರತಿ ವರ್ಷವೂ ಕಪ್ಪು ಹಿನ್ನೆಲೆಯಲ್ಲಿ ಬೂದು ಮರಗಳು ದೆವ್ವಗಳ ಹಾಗೆ ನಿಲ್ಲುತ್ತವೆ. ಹಿನ್ನೆಲೆಗೂ ಅದೇ ಬೂದು ಬಣ್ಣ ಕೊಡಬೇಕು ಅಂತ ನಾನು ಹೇಳಿಕೊಡುವುದಿಲ್ಲ. ಯಾರಾದರೂ ಒಬ್ಬರು ಕಿಟಕಿ ಕಡೆ ನೋಡಿ ಕಂಡುಹಿಡಿಯುತ್ತಾರೆ.